ಸಂತ ಜೋಸೆಫ್ ವಾಜ್ ಮತ್ತು ದೇವರ ದಯೆಯ ಮಳೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಕಟ್ಟಡದ ಚರಿತ್ರೆಗೂ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿಗೂ, ದಾನಿಗಳ ಸ್ಮರಣೆಗೂ ಅಗ್ರಸ್ಥಾನ ಸಲ್ಲುವುದು ಸಹಜ. ಅವೆಲ್ಲಕ್ಕೂ ಈ ಸಂಚಿಕೆಯಲ್ಲಿ ಬೇರೆ ಪುಟಗಳಿವೆ. ನಮ್ಮ ಪಾಲಿಗೆ ಬಂದ ಈ ಕೆಲವು ಪುಟಗಳಲ್ಲಿ ಕನ್ನಡ ನಾಡಿನ ಕರಾವಳಿಯಲ್ಲಿ ಮೂರು ವರ್ಷ ದುಡಿದು, ಮುಂದೆ ಸಿಂಹಳ ದ್ವೀಪದ ಅಪೋಸ್ತಲನೆನಿಸಿದ ಒಬ್ಬ ಸಂತರ ಜೀವನವನ್ನು ನಮ್ಮ ಧರ್ಮಕೇಂದ್ರದ ಭಕ್ತಾದಿಗಳ ಮುಂದಿಡಲು ಬಯಸುತ್ತೇವೆ. ಅವರೇ ಸಂತ ಜೋಸೆಫ್ ವಾಜ್. ಕರಾವಳಿಯ ಕ್ರೈಸ್ತವರು ಪ್ರೀತಿಯಿಂದ ಜುಜೆ ವಾಜ್ ಎಂದು ಕರೆಯುವ ಮಹನೀಯರು.

ಗೋವೆಯ ಈ ಸಂತರನ್ನು ಎಡೆದೊರೆ ನಾಡಿನ ನಾವು ಏಕೆ ನೆನೆಯಬೇಕೆಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಕ್ರೈಸ್ತ ಮನೆಗಳು ಎಂದೂ ಒಂಟಿಯಾಗಿ ನಿಂತಿಲ್ಲ. ನಮ್ಮ ಗೋಡೆಗೆ ತಾಗಿದ ಗೋಡೆ ಬೇರೆ ಮತದವರದು. ಮಾನ್ವಿ ಎಂದರೆ ಜಗನ್ನಾಥದಾಸರ ಊರು. ಅದರ ನೆರೆಯ ಚೀಕಲಪರ್ವಿ ವಿಜಯದಾಸರದು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರದು. ಶರಣರ ವಚನ, ದಾಸರ ಪದ, ದರ್ಗಾದ ಉರುಸು, ಮೊಹರಂನ ಅಲಾಯಿ ಕುಣಿತ, ಇವುಗಳ ನಡುವೆಯೇ ನಮ್ಮ ಜಪಸರವೂ ನಡೆಯುತ್ತದೆ. ಅಷ್ಟೇ ಅಲ್ಲ, ನಮ್ಮಲ್ಲಿ ಎಷ್ಟೋ ಕುಟುಂಬಗಳಲ್ಲಿ ಮಗ ದೀಕ್ಷಾಸ್ನಾನ ಪಡೆದವನು, ತಂದೆ ಪಡೆಯದವನು; ಮೊಮ್ಮಗಳು ಪರಮಪ್ರಸಾದ ಸ್ವೀಕರಿಸುವವಳು, ಅಜ್ಜಿ ಮಾತ್ರ ಕೊನೆಯವರೆಗೂ ಎಲ್ಲಮ್ಮನ ಪಡ್ಡಲಿಗೆಗೆ ಕೈಮುಗಿದು ಕಣ್ಣುಮುಚ್ಚಿದವಳು. ಸತ್ತವರ ಹಬ್ಬದಂದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವಾಗ ಇಂಥ ಮನೆಯವರ ಎದೆಯಲ್ಲಿ ಒಂದು ಪ್ರಶ್ನೆ ಏಳದೆ ಇರದು. ನಮ್ಮನ್ನು ಎತ್ತಿ ಆಡಿಸಿದ ಆ ಜೀವ ಈಗ ಎಲ್ಲಿದೆ? ದೇವರ ದಯೆ ಅವಳಿಗೂ ಉಂಟೆ?

ಈ ಪ್ರಶ್ನೆ ಹೊಸದಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರರು ಜಪಾನಿನಿಂದ ಹಿಂದಿರುಗಿ 1552ರಲ್ಲಿ ಬರೆದ ಪತ್ರದಲ್ಲಿ, ಅಲ್ಲಿಯ ಹೊಸ ಕ್ರೈಸ್ತವರು ತಮ್ಮ ಮೃತ ತಂದೆತಾಯಿಗಳಿಗಾಗಿ ಅತ್ತುದನ್ನು ತಿಳಿಸಿದ್ದಾರೆ. ಶುಭಸಂದೇಶವನ್ನು ಕೇಳದೆ ಸತ್ತವರಿಗೆ ಬಿಡುಗಡೆಯಿಲ್ಲವೆಂದು ಆ ಕಾಲದ ಬೋಧನೆಯಂತೆ ಸಂತರು ಅವರಿಗೆ ಹೇಳಬೇಕಾಯಿತು. ಹೇಳಿ ತಾವೂ ನೊಂದರು. ಅಂದಿನಿಂದ ನಾಲ್ಕು ಶತಮಾನಗಳ ಮೇಲೆ, 1964ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ ಹೋದವರು ನಿಷ್ಕಪಟ ಹೃದಯದಿಂದ ದೇವರನ್ನು ಅರಸಿ, ಮನಸ್ಸಾಕ್ಷಿಯ ದನಿಗೆ ಓಗೊಟ್ಟು, ದೇವರ ವರಪ್ರಸಾದದ ಬಲದಿಂದ ಬಾಳಿದರೆ ಅವರಿಗೂ ನಿತ್ಯ ರಕ್ಷಣೆ ಸಾಧ್ಯವೆಂಬುದು ಅದರ ತಾತ್ಪರ್ಯ. ಆ ರಕ್ಷಣೆಯೂ ಕ್ರಿಸ್ತರಿಂದಲೇ ಬರುವಂಥದು. ಕ್ರಿಸ್ತರನ್ನು ಸಾರುವ ಹೊಣೆಯಿಂದ ನಮ್ಮನ್ನು ಮಹಾಸಭೆ ಬಿಡುಗಡೆ ಮಾಡಲಿಲ್ಲ. ದೇವರ ದಯೆಗೆ ಬೇಲಿ ಹಾಕುವ ಅಧಿಕಾರ ನಮ್ಮದಲ್ಲವೆಂದು ತಿಳಿಸಿತು.

ಕ್ಸೇವಿಯರರಿಗೂ ಈ ಮಹಾಸಭೆಗೂ ನಡುವಿನ ಕಾಲದಲ್ಲಿ ಬಾಳಿದವರು ವಾಜ್ ಸ್ವಾಮಿಗಳು. ಅವರು ದೈವಶಾಸ್ತ್ರದ ಹೊಸ ಗ್ರಂಥವನ್ನೇನೂ ಬರೆಯಲಿಲ್ಲ. ಆದರೆ ಅವರು ಬಾಳಿದ ರೀತಿಯಲ್ಲಿ ನಮ್ಮ ಪ್ರಶ್ನೆಗೆ ಒಂದು ಉತ್ತರವಿದೆ ಎಂಬುದು ನಮ್ಮ ನಂಬಿಕೆ.

ಜೋಸೆಫ್ ವಾಜ್ ಹುಟ್ಟಿದ್ದು 1651ನೆಯ ಇಸವಿ ಏಪ್ರಿಲ್ 21ರಂದು, ದಕ್ಷಿಣ ಗೋವೆಯ ಬಾಣಾವಲಿಯಲ್ಲಿ. ಅದು ತಾಯಿಯ ತವರೂರು. ತಂದೆಯ ಊರು ಸಾಂಕ್ವಾಳ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದ ಮಿರಾಂದ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಮನೆಮಾತು ಕೊಂಕಣಿ, ಕಲಿತದ್ದು ಪೋರ್ಚುಗೀಸ್ ಮತ್ತು ಲ್ಯಾಟಿನ್. 1676ರಲ್ಲಿ ಯಾಜಕದೀಕ್ಷೆ ಪಡೆದರು. ಪೋರ್ಚುಗೀಸರ ಗೋವೆಯಲ್ಲಿ ಈ ದೇಶದ ಮೈಬಣ್ಣದ ಯಾಜಕರಿಗೆ ಯುರೋಪಿನ ಸಂಘಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು ಎಂಬುದನ್ನು ಇಲ್ಲಿ ಮರೆಯಬಾರದು. ದೀಕ್ಷೆಯ ಮರುವರ್ಷ, 1677ರ ಆಗಸ್ಟ್ 5ರಂದು, ಅವರು ತಮ್ಮನ್ನು ಮಾತೆ ಮರಿಯಮ್ಮನವರ ಕ್ರಯದ ಆಳೆಂದು ಒಪ್ಪಿಸಿಕೊಳ್ಳುವ ಪತ್ರವೊಂದನ್ನು ಬರೆದು ಸಹಿ ಹಾಕಿದರು. ಕಾಲಿಗೆ ಪಾದರಕ್ಷೆ ಹಾಕುವುದನ್ನು ಬಿಟ್ಟರು. ಬಡವರು ಬರಿಗಾಲಲ್ಲಿ ನಡೆಯುವ ದೇಶದಲ್ಲಿ ಗುರುವಾದವನು ಬೇರೆ ರೀತಿ ನಡೆಯಬಾರದೆಂಬುದು ಅವರ ಎಣಿಕೆಯಾಗಿದ್ದಿರಬೇಕು.

1681ರಲ್ಲಿ ಅವರನ್ನು ಕನ್ನಡ ಜಿಲ್ಲೆಗೆ ಕಳುಹಿಸಲಾಯಿತು. ಹೊನ್ನಾವರದಿಂದ ಮಂಗಳೂರಿನವರೆಗಿನ ಆ ಕರಾವಳಿ ಆಗ ಕೆಳದಿ ಅರಸರ ಆಳ್ವಿಕೆಯಲ್ಲಿತ್ತು. ಸಿಂಹಾಸನದಲ್ಲಿದ್ದವಳು ಕೆಳದಿಯ ಚೆನ್ನಮ್ಮಾಜಿ. 1671ರಿಂದ ಕಾಲು ಶತಮಾನ ಆಳಿದ, ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಈ ರಾಣಿಯನ್ನು ಕನ್ನಡಿಗರೆಲ್ಲ ಬಲ್ಲರು. ವೀರಶೈವ ಧರ್ಮದ ಮನೆತನ ಅದು. ಈ ಮನೆತನದ ಆಡಳಿತದಲ್ಲಿಯೇ ಕರಾವಳಿಯ ಕ್ರೈಸ್ತವರು ನೆಲೆಯೂರಿ ಬೇಸಾಯ ಮಾಡಿಕೊಂಡಿದ್ದರು, ದೇವಾಲಯಗಳು ಎದ್ದಿದ್ದವು.

ವಾಜ್ ಸ್ವಾಮಿಗಳು ಮಂಗಳೂರು, ಕಲ್ಯಾಣಪುರ, ಬಾರ್ಕೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರ, ಹೀಗೆ ಮೂರು ವರ್ಷಗಳ ಕಾಲ ಹೊಳೆ ಕಡವುಗಳನ್ನು ದಾಟಿ ಕಾಲ್ನಡಿಗೆಯಲ್ಲೇ ಸುತ್ತಿದರು. ಬಿದ್ದ ದೇವಾಲಯಗಳನ್ನು ಎತ್ತಿಸಿದರು, ಕೆಲವನ್ನು ಹೊಸದಾಗಿ ಕಟ್ಟಿಸಿದರು, ಮಕ್ಕಳಿಗೆ ಶಾಲೆಗಳನ್ನು ತೆರೆದರು, ಭಕ್ತಾದಿಗಳ ಕೂಟಗಳನ್ನು ಸ್ಥಾಪಿಸಿದರು. ಮಂಗಳೂರಿನ ಬಳಿಯ ಮುಡಿಪು ಬೆಟ್ಟದಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಆದರೆ ಆ ಮೂರು ವರ್ಷಗಳಲ್ಲಿ ಅವರನ್ನು ಹೆಚ್ಚು ಬಾಧಿಸಿದ್ದು ಅನ್ಯಮತೀಯರಲ್ಲ. ಆಗ ಆ ಸೀಮೆಯಲ್ಲಿ ಗೋವೆಯ ಪೋರ್ಚುಗೀಸ್ ಅಧಿಕಾರಕ್ಕೆ ಒಳಪಟ್ಟ ಗುರುಗಳು ಒಂದು ಕಡೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಇನ್ನೊಂದು ಕಡೆ. ಯಾರ ಅಧಿಕಾರ ನಡೆಯಬೇಕೆಂದು ಜಗಳ. ಒಬ್ಬರು ನೀಡಿದ ಸಂಸ್ಕಾರ ಇನ್ನೊಬ್ಬರ ಕಣ್ಣಿಗೆ ಸಲ್ಲದು. ಒಂದೇ ಪೀಠದ ಮುಂದೆ ಮೊಣಕಾಲೂರುವವರು ಎರಡು ಪಾಳೆಯಗಳಾದರು. ವೀರಶೈವ ಅಧಿಕಾರಿಗಳು ಇದನ್ನು ನೋಡಿ ಏನೆಂದುಕೊಂಡರೋ! ಗೋವೆಯ ಪರವಾಗಿ ಬಂದಿದ್ದ ವಾಜ್ ಸ್ವಾಮಿಗಳು ಧರ್ಮಾಧ್ಯಕ್ಷರನ್ನು ಕಂಡು ಅವರ ಅಧಿಕಾರಪತ್ರಗಳನ್ನು ಪರಿಶೀಲಿಸಿ ಗೌರವಿಸಿದರು; ರೋಮಿನಿಂದ ತೀರ್ಪು ಬರುವವರೆಗೆ ಜನರ ಆತ್ಮಗಳಿಗೆ ಕೇಡಾಗದಂಥ ಒಂದು ಸಮಾಧಾನದ ದಾರಿಯನ್ನು ಹುಡುಕಿದರು. ಎರಡೂ ಕಡೆಯ ಉಗ್ರವಾದಿಗಳಿಗೆ ಇದು ಹಿಡಿಸಲಿಲ್ಲ. 1684ರಲ್ಲಿ ಅವರು ಗೋವೆಗೆ ಮರಳಿದರು.

ಗೋವೆಯಲ್ಲಿ ಕೆಲವು ದೇಶೀಯ ಯಾಜಕರು ಕೂಡಿ ಸಮುದಾಯ ಜೀವನವೊಂದನ್ನು ಆರಂಭಿಸಿದ್ದರು. ವಾಜ್ ಸ್ವಾಮಿಗಳು 1685ರಲ್ಲಿ ಅದನ್ನು ಸೇರಿ ಅದರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಮಾದರಿಯ ಒರೇಟರಿ ಇದು. ನಮ್ಮ ದೇಶದ ಮಕ್ಕಳೇ ನಡೆಸಿದ ಈ ಸಂಘದಿಂದಲೇ ಮುಂದೆ ಒಂದೂವರೆ ಶತಮಾನ ಸಿಂಹಳಕ್ಕೆ ಗುರುಗಳು ಹೋದರು. ಯುರೋಪಿನವರ ನೆರವಿಲ್ಲದೆ ಏಷ್ಯಾದವರೇ ಏಷ್ಯಾದವರಿಗೆ ಸಾರಿದ ಇಂಥ ಇನ್ನೊಂದು ಪ್ರೇಷಿತ ಕಾರ್ಯ ಆ ಕಾಲದಲ್ಲಿ ಕಾಣುವುದು ದುರ್ಲಭ.

ಸಿಂಹಳದ ಸ್ಥಿತಿ ಆಗ ಹೀಗಿತ್ತು. 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದುಕೊಂಡು ಪೋರ್ಚುಗೀಸರನ್ನು ದ್ವೀಪದಿಂದ ಹೊರಹಾಕಿದ್ದರು. ಡಚ್ಚರು ಕಲ್ವಿನ್ ಪಂಥದ ಕ್ರೈಸ್ತವರು. ಕಥೋಲಿಕ ಗುರುಗಳನ್ನು ಅವರು ಓಡಿಸಿದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ವಿಧಿಸುವುದಾಗಿ ಸಾರಿದರು. ದೇವಾಲಯಗಳನ್ನು ತಮ್ಮವನ್ನಾಗಿ ಮಾಡಿಕೊಂಡರು. ಸುಮಾರು ಮೂವತ್ತು ವರ್ಷ ಅಲ್ಲಿಯ ಕಥೋಲಿಕರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಈ ಸುದ್ದಿ ವಾಜ್ ಸ್ವಾಮಿಗಳ ನಿದ್ದೆಗೆಡಿಸಿತು. 1686ರಲ್ಲಿ ಅವರು ಗೋವೆಯನ್ನು ಬಿಟ್ಟು ತಮಗೆ ಪರಿಚಿತವಾದ ಕನ್ನಡ ಕರಾವಳಿಯ ದಾರಿಯಲ್ಲೇ ದಕ್ಷಿಣಕ್ಕೆ ನಡೆದು, ಮಲಬಾರನ್ನು ಹಾಯ್ದು ತೂತುಕುಡಿಯನ್ನು ಸೇರಿದರು. ಗುರುವೆಂಬ ಗುರುತು ಸಿಗದಂತೆ ನಿಲುವಂಗಿಯನ್ನು ಕಳಚಿ ಕೂಲಿಯವನ ಅರೆಬಟ್ಟೆ ಉಟ್ಟರು. ಜೊತೆಗಿದ್ದವನು ಜುವಾಂವ್ ಎಂಬ ನಿಷ್ಠಾವಂತ ಸೇವಕ.

1687ರ ಪಾಸ್ಖ ಕಾಲದಲ್ಲಿ ಅವರು ಹಡಗು ಹತ್ತಿದರು. ಬಿರುಗಾಳಿಗೆ ಸಿಕ್ಕಿ ಮನ್ನಾರನ್ನು ಮುಟ್ಟಿ, ಅಲ್ಲಿಂದ ಜಾಫ್ನಾಕ್ಕೆ ಹೋಗುವಷ್ಟರಲ್ಲಿ ಇಬ್ಬರೂ ಆಮಶಂಕೆಯಿಂದ ನೆಲಹಿಡಿದಿದ್ದರು. ಸೋಂಕು ತಗುಲೀತೆಂದು ಅವರನ್ನು ಊರ ಹೊರಗೆ ಬಿಡಲಾಯಿತು. ಕ್ರಿಸ್ತರ ಯಾಜಕನೊಬ್ಬ ರಾಜಕಾಜಿನವರ ಕಣ್ಣುತಪ್ಪಿಸಿ ಕಡಲು ದಾಟಿ ಬಂದು, ದಾರಿಯ ಬದಿಯಲ್ಲಿ ಸಾಯಲು ಬಿದ್ದಿದ್ದನು. ಆಗ ಹೆಂಗಸೊಬ್ಬಳು ದಿನವೂ ಅವರಿಗೆ ಗಂಜಿ ತಂದುಕೊಟ್ಟಳೆಂದು ಅವರ ಚರಿತ್ರೆ ಹೇಳುತ್ತದೆ. ಗುರುವೆಂದು ತಿಳಿದು ಕೊಟ್ಟದ್ದಲ್ಲ; ಹಸಿದವರೆಂದು ಕೊಟ್ಟದ್ದು. ಸಿಂಹಳದ ಧರ್ಮಸಭೆಯ ಪುನರುಜ್ಜೀವನ ಆ ಗಂಜಿಯ ಬಟ್ಟಲಿನಿಂದ ಆರಂಭವಾಯಿತೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗದು. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಬಲ್ಲ ವಾಚಕರಿಗೆ ಇಲ್ಲಿ ಹೆಚ್ಚು ವಿವರಣೆ ಬೇಡ. ಆ ಸಾಮತಿಯಲ್ಲೂ ದಯೆ ತೋರಿದವನು ದೇವಾಲಯದ ಒಳಗಿನವನಲ್ಲ, ಹೊರಗಿನವನು.

ಚೇತರಿಸಿಕೊಂಡ ಮೇಲೆ ಅವರು ಕೊರಳಿಗೆ ದೊಡ್ಡದೊಂದು ಜಪಸರವನ್ನು ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಿದರು. ಆ ಜಪಸರವನ್ನು ಕಂಡು ಯಾರ ಮುಖ ಅರಳುತ್ತದೋ ಅವರೇ ಗುಪ್ತ ಕಥೋಲಿಕರೆಂದು ತಿಳಿಯುವ ಉಪಾಯ. ಹೀಗೆ ಒಂದೊಂದೇ ಮನೆ ಸಿಕ್ಕಿತು. ಜಾಫ್ನಾದ ಬಳಿಯ ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆಸಿ ರಾತ್ರಿಯ ಹೊತ್ತು ಬಲಿಪೂಜೆ ಅರ್ಪಿಸತೊಡಗಿದರು. ತಮಿಳನ್ನು ಕಲಿತರು. 1689ರ ಕ್ರಿಸ್ತ ಜಯಂತಿಯ ರಾತ್ರಿ ಡಚ್ಚರ ಸೈನಿಕರು ಮೇಲೆ ಬಿದ್ದು ಬಲಿಪೂಜೆಗೆ ಕೂಡಿದ್ದವರನ್ನು ಬಂಧಿಸಿದರು. ಗುರುಗಳು ತಪ್ಪಿಸಿಕೊಂಡರು; ಭಕ್ತರು ಚಾವಟಿಯ ಏಟು ತಿಂದರು. ಕ್ರಿಸ್ತರು ಹುಟ್ಟಿದ ರಾತ್ರಿಯಲ್ಲಿ ಕ್ರೈಸ್ತವರು ಕ್ರೈಸ್ತವರನ್ನೇ ಹೊಡೆದರೆಂಬುದನ್ನು ಬರೆಯುವಾಗ ನಮ್ಮ ಲೇಖನಿ ತಡವರಿಸುತ್ತದೆ. ಅಂದು ಅವರು ಓಡಿ ಹೋಗಿ ಸೇರಿದ್ದು ಪುತ್ತಳಂ ಸೀಮೆಯನ್ನು. ಅದು ಕ್ಯಾಂಡಿಯ ಬೌದ್ಧ ಅರಸನ ರಾಜ್ಯ.

ಇಲ್ಲಿ ನಮ್ಮ ಜಿಲ್ಲೆಯ ಒಂದು ಸಂಗತಿಯನ್ನು ಜ್ಞಾಪಿಸಬೇಕೆನಿಸುತ್ತದೆ. ಸಿಂಹಳಕ್ಕೆ ಬೌದ್ಧಧರ್ಮವನ್ನು ಕೊಂಡೊಯ್ದವನು ಅಶೋಕ ಚಕ್ರವರ್ತಿಯ ಮಗ ಮಹೇಂದ್ರನೆಂದು ಆ ದ್ವೀಪದ ಪರಂಪರೆ ಹೇಳುತ್ತದೆ. ದೇವಾನಾಂಪ್ರಿಯ ಎಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಹೆಸರು ಸಮೇತ ಲೋಕಕ್ಕೆ ಮೊದಲು ತಿಳಿಸಿಕೊಟ್ಟ ಬಂಡೆಗಲ್ಲು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯದು. ಅದು ಬೆಳಕಿಗೆ ಬಂದದ್ದು 1915ರಲ್ಲಿ. ಆ ಅಶೋಕನ ಧರ್ಮವನ್ನು ಪಾಲಿಸುತ್ತಿದ್ದ ಅರಸನೊಬ್ಬನು ನಮ್ಮ ಸಂತರಿಗೆ ಆಸರೆಯಾದನು.

ಆಸರೆ ಒಮ್ಮೆಲೇ ಸಿಕ್ಕಲಿಲ್ಲ. 1692ರಲ್ಲಿ ರಾಜಧಾನಿಯಾದ ಕ್ಯಾಂಡಿಗೆ ಹೋದಾಗ, ಅರಮನೆಯಲ್ಲಿದ್ದ ಕಲ್ವಿನ್ ಪಂಥದ ಫ್ರೆಂಚನೊಬ್ಬನು ಈತ ಪೋರ್ಚುಗೀಸರ ಗೂಢಚಾರನೆಂದು ಚಾಡಿ ಹೇಳಿದ್ದರಿಂದ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿಡಿಸಿದನು. ವಾಜ್ ಸ್ವಾಮಿಗಳು ಸೆರೆಯಲ್ಲಿ ಕುಳಿತು ಸಿಂಹಳ ಭಾಷೆಯನ್ನು ಕಲಿತರು. ಕಾವಲುಗಾರರು ಕಂಡದ್ದು ಪ್ರಾರ್ಥನೆ ಮಾಡುವ, ಯಾರಿಗೂ ಕೇಡೆಣಿಸದ ಬಡಕಲು ಮನುಷ್ಯನೊಬ್ಬನನ್ನು. ಕಾವಲು ಕ್ರಮೇಣ ಸಡಿಲವಾಯಿತು. ಗುಡಿಸಲೊಂದನ್ನು ಕಟ್ಟಿ ಪೀಠವನ್ನಿರಿಸಲು ಅಪ್ಪಣೆ ದೊರೆಯಿತು. ಆ ಗುಡಿಸಲು ದೇವಾಲಯವನ್ನು ಅವರು ಅವಿಶ್ವಾಸಿಗಳ ಮನಪರಿವರ್ತನೆಗಾಗಿ ಬೇಡುವ ಮಾತೆ ಮರಿಯಮ್ಮನವರಿಗೆ ಅರ್ಪಿಸಿದರು.

ಈ ಹೆಸರಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ವಾಜ್ ಸ್ವಾಮಿಗಳು ತಮ್ಮ ಕಾಲದ ಮನುಷ್ಯರು. ದೀಕ್ಷಾಸ್ನಾನವಿಲ್ಲದೆ ಸತ್ತವರ ಗತಿಯನ್ನು ಕುರಿತು ಅವರ ಕಾಲದವರೆಲ್ಲ ನಂಬಿದ್ದನ್ನೇ ಅವರೂ ನಂಬಿದ್ದಿರಬೇಕು. ಸುತ್ತಲಿನ ಬೌದ್ಧರು, ಹಿಂದೂಗಳು ಕ್ರಿಸ್ತರನ್ನು ಅರಿಯಬೇಕೆಂದು ಹಗಲಿರುಳು ಹಂಬಲಿಸಿದರು. ಅನೇಕರಿಗೆ ದೀಕ್ಷಾಸ್ನಾನವನ್ನೂ ಕೊಟ್ಟರು. ಅದನ್ನು ಮರೆಮಾಡಿ, ಅವರನ್ನು ಎಲ್ಲ ಮತಗಳೂ ಒಂದೇ ಎನ್ನುವ ಇಂದಿನ ಭಾಷಣಕಾರನಂತೆ ಚಿತ್ರಿಸುವುದು ಸತ್ಯಕ್ಕೆ ಅಪಚಾರ. ಆದರೆ ಆ ಹಂಬಲ ಎಂದೂ ತಿರಸ್ಕಾರವಾಗಲಿಲ್ಲ, ದಯೆ ಎಂದೂ ಗಾಳದ ಹುಳುವಾಗಲಿಲ್ಲ. ಮುಂದೆ ನಡೆದ ಎರಡು ಘಟನೆಗಳು ಇದಕ್ಕೆ ಸಾಕ್ಷಿ.

ಮೊದಲನೆಯದು ಮಳೆಯ ಸಂಗತಿ. ಕ್ಯಾಂಡಿ ರಾಜ್ಯದಲ್ಲಿ ಘೋರ ಬರ ಬಿತ್ತು. ಬರವೆಂದರೇನೆಂಬುದನ್ನು ನಮ್ಮ ಜನರಿಗೆ ಹೇಳಿಕೊಡಬೇಕಾಗಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವೆ ಇದ್ದೂ ಬಾಯಾರಿದ ಸೀಮೆ ನಮ್ಮದು. ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದ ವರ್ಷಗಳನ್ನು ಮಾನ್ವಿಯ ರೈತರು ಬಲ್ಲರು. ಗುಳೆ ಹೋಗಿ ಬೀಗ ಬಿದ್ದ ಮನೆಗಳನ್ನು ದೇವದುರ್ಗದ ಹಳ್ಳಿಗಳು ಬಲ್ಲವು. ಮಳೆ ಹೋದಾಗ ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಬಂದರೆ ಯಾವ ಮನೆಯವರು ಒಂದು ತಂಬಿಗೆ ನೀರು ಸುರಿಯುವುದಿಲ್ಲ? ಆ ಹೊತ್ತಿನಲ್ಲಿ ಎಲ್ಲರ ಕಣ್ಣೂ ಒಂದೇ ಆಕಾಶದ ಮೇಲೆ.

ಅರಸನು ಮೊದಲು ತನ್ನ ಭಿಕ್ಷುಗಳಿಂದ ಪ್ರಾರ್ಥನೆ ಮಾಡಿಸಿದನು. ಮಳೆ ಬರಲಿಲ್ಲ. ಆಗ ವಾಜ್ ಸ್ವಾಮಿಗಳಿಗೆ ಹೇಳಿಕಳುಹಿಸಿದನು. ಅವರು ಪಟ್ಟಣದ ಬಯಲಿನಲ್ಲಿ ಪೀಠವೊಂದನ್ನು ನಿಲ್ಲಿಸಿ, ಅದರ ಮೇಲೆ ಶಿಲುಬೆಯನ್ನಿಟ್ಟು ಮೊಣಕಾಲೂರಿದರು. ಮಳೆ ಧಾರಾಕಾರವಾಗಿ ಸುರಿಯಿತೆಂದೂ, ಪ್ರಾರ್ಥಿಸುತ್ತಿದ್ದ ಗುರುವೂ ಪೀಠವೂ ಮಾತ್ರ ತೋಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಜನರು ಸಾಮಾನ್ಯವಾಗಿ ಬೆರಗಾಗುವುದು ತೋಯದ ಪೀಠವನ್ನು ಕುರಿತು. ನಮ್ಮನ್ನು ಹೆಚ್ಚು ಸೆಳೆಯುವುದು ತೋಯ್ದ ಹೊಲಗಳು. ಆ ಮಳೆ ಬಿದ್ದ ಗದ್ದೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಬೌದ್ಧರವು ಇದ್ದಿರಬೇಕು. ಅವರು ದೀಕ್ಷಾಸ್ನಾನಕ್ಕೆ ಒಪ್ಪಿದರೆ ಮಾತ್ರ ಪ್ರಾರ್ಥಿಸುತ್ತೇನೆಂದು ಸ್ವಾಮಿಗಳು ಷರತ್ತು ಹಾಕಲಿಲ್ಲ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆಗರೆಯುವ ಪರಲೋಕದ ಪಿತನನ್ನು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದನ್ನು ಕ್ಯಾಂಡಿಯ ಬಯಲಿನಲ್ಲಿ ಅವರ ಸೇವಕ ನಡೆಸಿ ತೋರಿಸಿದನು. ಸಂತುಷ್ಟನಾದ ಅರಸನು ರಾಜ್ಯದಲ್ಲೆಲ್ಲ ಸಂಚರಿಸಿ ಬೋಧಿಸಲು ಅವರಿಗೆ ಅನುಮತಿ ಕೊಟ್ಟನು. ಆದರೆ ತಾನು ಬೌದ್ಧನಾಗಿಯೇ ಉಳಿದನು.

ಎರಡನೆಯದು 1697ರ ಸಿಡುಬು. ಈ ರೋಗದ ಭಯ ಇಂದಿನ ಮಕ್ಕಳಿಗೆ ತಿಳಿಯದು. ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 1977ರಲ್ಲಿ. ಅದಕ್ಕೆ ಮೊದಲು ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಊರೇ ದೂರ ಸರಿಯುತ್ತಿದ್ದುದನ್ನು ನಮ್ಮ ಹಿರಿಯರು ಕಂಡವರು. ಕ್ಯಾಂಡಿಯಲ್ಲಿ ಅರಸನೂ ಪರಿವಾರವೂ ಪಟ್ಟಣವನ್ನು ಬಿಟ್ಟು ಹೋದರು. ಸೋಂಕು ತಗುಲಿದವರನ್ನು ಮನೆಯವರೇ ಕಾಡಿಗೆ ಕಳುಹಿಸಿಬಿಡುತ್ತಿದ್ದರು. ವಾಜ್ ಸ್ವಾಮಿಗಳ ಜೊತೆ ಆಗ ಗೋವೆಯಿಂದ ಬಂದಿದ್ದ ಬಂಧುವೂ ಆದ ಗುರು ಜೋಸೆಫ್ ದ ಕಾರ್ವಾಲೊ ಇದ್ದರು. ಇಬ್ಬರೂ ಕಾಡಿನಲ್ಲಿ ಬಿದ್ದಿದ್ದ ರೋಗಿಗಳಿಗೆ ಗುಡಿಸಲು ಹಾಕಿಕೊಟ್ಟರು; ಪಾಳುಬಿದ್ದ ಮನೆಗಳಿಗೆ ಅವರನ್ನು ಹೊತ್ತು ತಂದರು; ಗಂಜಿ ಕುಡಿಸಿದರು, ಕೀವು ಒರೆಸಿದರು, ಸತ್ತವರಿಗೆ ಗುಂಡಿ ತೋಡಿದರು. ಇವನು ನಮ್ಮವನೇ, ಅವನು ಬೌದ್ಧನೇ ಎಂದು ವಿಚಾರಿಸಲಿಲ್ಲ. ಜಾಫ್ನಾದ ಬೀದಿಯಲ್ಲಿ ಹೆಸರರಿಯದ ಕೈಯಿಂದ ಗಂಜಿ ಉಂಡವರು ಹತ್ತು ವರ್ಷಗಳ ಮೇಲೆ ಹೆಸರರಿಯದವರ ಬಾಯಿಗೆ ಗಂಜಿ ಹಾಕಿದರು.

ಸಾಯುವವರಲ್ಲಿ ಕೆಲವರು ದೀಕ್ಷಾಸ್ನಾನವನ್ನು ಬೇಡಿ ಪಡೆದರು. ಅನೇಕರು ತಮ್ಮ ಧರ್ಮದಲ್ಲೇ ಕಣ್ಣುಮುಚ್ಚಿರಬೇಕು. ಅಂಥವರ ಆತ್ಮಗಳನ್ನು ಕುರಿತು ಸ್ವಾಮಿಗಳು ರಾತ್ರಿ ಒಂಟಿಯಾಗಿ ದೇವರಲ್ಲಿ ಏನೆಂದು ಬೇಡಿದರೆಂಬುದು ಅವರಿಗೂ ದೇವರಿಗೂ ತಿಳಿದ ವಿಷಯ. ಯಾರನ್ನು ತನ್ನ ಕೈಯಿಂದ ತೊಳೆದು ಮಣ್ಣು ಮಾಡಿದ್ದಾರೋ ಅವರನ್ನು ದೇವರು ತಳ್ಳಿಬಿಟ್ಟಾನೆಂದು ಭಾವಿಸುವುದು ಮನುಷ್ಯನಿಗೆ ಸುಲಭವಲ್ಲ. ಯಾಜಕನಲ್ಲಿ ಅಷ್ಟು ದಯೆ ಇದ್ದರೆ, ಆ ದಯೆಯನ್ನು ಅವನಲ್ಲಿ ಇಟ್ಟವನಲ್ಲಿ ಅದಕ್ಕಿಂತ ಕಡಿಮೆ ಇರಲು ಹೇಗೆ ಸಾಧ್ಯ? ಎಲ್ಲಮ್ಮನಿಗೆ ಕೈಮುಗಿದು ಸತ್ತ ಅಜ್ಜಿಯ ಸಮಾಧಿಯ ಮುಂದೆ ನಿಂತ ನಮ್ಮ ಮನೆಯವರಿಗೆ ನಾವು ಹೇಳಬಹುದಾದದ್ದು ಇಷ್ಟು. ಅವಳಿಗಾಗಿ ಬಲಿಪೂಜೆ ಹೇಳಿಸಿರಿ, ಮೇಣದ ಬತ್ತಿ ಹಚ್ಚಿರಿ. ಧರ್ಮಸಭೆ ಅದನ್ನು ತಡೆಯುವುದಿಲ್ಲ. ಬಲಿಪೂಜೆಯ ಪ್ರಾರ್ಥನೆಗಳಲ್ಲೊಂದರಲ್ಲಿ ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರನ್ನು ನೆನೆಯುವ ಪದ್ಧತಿ ನಮ್ಮಲ್ಲಿದೆ.

ಇದನ್ನೇ ಮುಂದಿಟ್ಟುಕೊಂಡು ಕೆಲವರು ಕೇಳುವುದುಂಟು: ಹಾಗಾದರೆ ನಾವು ಕ್ರೈಸ್ತವರಾದದ್ದರಿಂದ ಬಂದ ಲಾಭವೇನು? ಈ ಮಾತಿನಲ್ಲಿ ಕೂಲಿಯಾಳಿನ ಲೆಕ್ಕಾಚಾರವಿದೆ. ದ್ರಾಕ್ಷಿತೋಟಕ್ಕೆ ಸಂಜೆ ಬಂದವನಿಗೂ ಪೂರ್ತಿ ಕೂಲಿ ಸಿಕ್ಕಿತೆಂದು ಗೊಣಗಿದ ಬೆಳಗಿನ ಕೂಲಿಗಳಿಗೆ ತೋಟದ ಯಜಮಾನ ಕೊಟ್ಟ ಉತ್ತರವನ್ನು ಅವರು ಶುಭಸಂದೇಶದಲ್ಲಿ ಇನ್ನೊಮ್ಮೆ ಓದಿಕೊಳ್ಳಲಿ. ನಿನೆವೆಯ ಜನರ ಮೇಲೆ ದೇವರು ಕನಿಕರ ತೋರಿದಾಗ ಸಿಟ್ಟಾಗಿ ಕುಳಿತ ಪ್ರವಾದಿ ಯೋನನ ಗೋತ್ರದವರು ಎಲ್ಲ ಕಾಲದಲ್ಲೂ ಇರುತ್ತಾರೆ. ವಾಜ್ ಸ್ವಾಮಿಗಳು ಮಾತ್ರ ತಮಗೆ ದೊರೆತ ಕ್ರಿಸ್ತರನ್ನು ಲಾಭನಷ್ಟದ ಬಾಬತ್ತೆಂದು ಎಣಿಸಿದವರಲ್ಲ.

ಉಳಿದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಗೋವೆಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮ್ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಗ್ರಂಥಗಳಿಗೆ ಸಿಂಹಳ ಸಾಹಿತ್ಯ ಚರಿತ್ರೆಯಲ್ಲೇ ಸ್ಥಾನವಿದೆ. ವಾಜ್ ಸ್ವಾಮಿಗಳಿಗೆ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂತು, ಅವರು ಒಲ್ಲೆನೆಂದರು. 1707ರಲ್ಲಿ ವಿಮಲಧರ್ಮಸೂರ್ಯನು ತೀರಿಕೊಂಡನು. ಕೊನೆಯವರೆಗೂ ಅವನು ದೀಕ್ಷಾಸ್ನಾನ ಪಡೆಯಲಿಲ್ಲ. ಕೊನೆಯವರೆಗೂ ಗುರುಗಳನ್ನು ಕಾಪಾಡಿದನು. ಡಚ್ಚರ ಸೀಮೆಯಲ್ಲಿ ಬೇಟೆಗೆ ಗುರಿಯಾಗಿದ್ದ ಕಥೋಲಿಕ ಧರ್ಮ ಆ ದ್ವೀಪದಲ್ಲಿ ಬದುಕಿ ಉಳಿದದ್ದು ಬಹುಮಟ್ಟಿಗೆ ಈ ಬೌದ್ಧ ಅರಸನ ನೆರಳಿನಲ್ಲಿ. ಅವನ ಮಗ ವೀರ ನರೇಂದ್ರಸಿಂಹನೂ ತಂದೆಯಂತೆಯೇ ಸ್ನೇಹದಿಂದ ನಡೆದುಕೊಂಡನು. ಅನ್ಯಮತೀಯ ದೊರೆಗಳ ಈ ಔದಾರ್ಯ ನಮಗೂ ಅಪರಿಚಿತವಲ್ಲ. ನಮ್ಮದೇ ಜಿಲ್ಲೆಯ ಮುದಗಲ್ಲಿನಲ್ಲಿ ಗೋವೆಯ ಗುರುಗಳಿಂದ ವಿಶ್ವಾಸವನ್ನು ಪಡೆದ ಪುರಾತನ ಕಥೋಲಿಕ ಸಮುದಾಯ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕಾಲದಿಂದ ಬಾಳಿ ಬಂದಿದೆಯೆಂದು ಹಿರಿಯರು ಹೇಳುತ್ತಾರೆ. ಮೊಹರಂಗೆ ಹೆಸರಾದ ಊರೇ ಕರ್ನಾಟಕದ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದೆನಿಸಿರುವುದು ಸಣ್ಣ ಸಂಗತಿಯಲ್ಲ.

ಜ್ವರ, ಉಪವಾಸ, ಕಾಡುದಾರಿಯ ನಡಿಗೆ ಇವುಗಳಿಂದ ಸವೆದ ದೇಹ 1711ನೆಯ ಜನವರಿ 16ರಂದು ಕ್ಯಾಂಡಿಯಲ್ಲಿ ಬಿದ್ದಿತು. ಅವರಿಗೆ ಆಗ ಅರುವತ್ತು ವರ್ಷವೂ ತುಂಬಿರಲಿಲ್ಲ. ಸಿಂಹಳಕ್ಕೆ ಕಾಲಿಟ್ಟ ಮೇಲೆ ಇಪ್ಪತ್ತನಾಲ್ಕು ವರ್ಷ. ಒಮ್ಮೆಯೂ ಅವರು ಗೋವೆಗೆ ಹಿಂದಿರುಗಲಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದ ಕಡಲ ದಂಡೆಯ ಬಯಲಿನಲ್ಲಿ ಸಂತ ಪದವಿಗೇರಿಸಿದರು. ಆ ದಿನದ ಪ್ರಬೋಧನೆಯಲ್ಲಿ ಜಗದ್ಗುರುಗಳು ಎತ್ತಿ ಹೇಳಿದ ಸಂಗತಿಗಳಲ್ಲಿ ಒಂದು, ಈ ಸಂತರು ಜಾತಿ, ಮತ, ಕುಲವೆನ್ನದೆ ಕಷ್ಟದಲ್ಲಿದ್ದವರ ಸೇವೆ ಮಾಡಿದರೆಂಬುದು.

ಅವರ ಹಬ್ಬ ಪ್ರತಿವರ್ಷ ಜನವರಿ 16ರಂದು. ಮಂಗಳೂರು ಕಡೆ ಹೋಗುವ ನಮ್ಮ ಭಕ್ತಾದಿಗಳು ಮುಡಿಪು ಬೆಟ್ಟವನ್ನು ಹತ್ತಿ ಬರಬಹುದು. ಕ್ಯಾಂಡಿಗೆ ಹೋದವರಿಗೆ ಮಾತ್ರ ಅವರ ಸಮಾಧಿ ಕಾಣಸಿಗದು. ಅವರನ್ನು ಭೂಸ್ಥಾಪನೆ ಮಾಡಿದ ದೇವಾಲಯ ಹದಿನೆಂಟನೆಯ ಶತಮಾನದಲ್ಲಿ ಕಾಲ ಕೆಟ್ಟಾಗ ನಾಶವಾಯಿತು. ಮೂಳೆಗಳು ಆ ಪಟ್ಟಣದ ಯಾವ ಮನೆಯ, ಯಾವ ಬೀದಿಯ ಕೆಳಗಿವೆಯೆಂಬುದು ಯಾರಿಗೂ ತಿಳಿಯದು.